ಒಂದು ಡಿಗ್ರಿಗೆ ನಾಲ್ಕು ನಿಮಿಷ

ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ಬೆಂಗಳೂರಿಗೇ ಬಂದಿಳಿಯುತ್ತೇನೆ ಎಂದಾಗ ನಾನು ಮೊದಲು ಮಾಡಿದ ಕೆಲಸ, ಅಟ್ಟದ ಮೇಲಿದ್ದ ಗ್ಲೋಬು ಇಳಿಸಿ ಧೂಳು ಒರೆಸಿದ್ದು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವನು ನಾನು. ರಿಟೈರಾದ ಮೇಲೆ ಉಳಿದಿರುವ ವಿದ್ಯಾರ್ಥಿ ನಮ್ಮಾಕೆ ಒಬ್ಬಳೇ, ಅವಳೂ ಅರ್ಧ ಪಾಠಕ್ಕೆ ಎದ್ದು ಒಗ್ಗರಣೆ ಹಾಕಲು ಹೋಗುತ್ತಾಳೆ.

ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದನ್ನು ಅಮೆರಿಕದ ಪಶ್ಚಿಮದ ಅಂಚಿಗೆ ಬಿಗಿಯಾಗಿ ಎಳೆದೆ. ದಾರ ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ಕೂತಿತು. ಗುಂಡಗಿನ ಭೂಮಿಗೆ ಅದೇ ಹತ್ತಿರದ ದಾರಿ. ಅಳೆದರೆ 33 ಸೆಂಟಿಮೀಟರ್. ಗ್ಲೋಬಿನ ಸುತ್ತಳತೆ 94, ಭೂಮಿಯದು 40,000 ಕಿ.ಮೀ. ಅಲ್ಲಿಗೆ 14,000 ಕಿ.ಮೀ. ಚಿಲ್ಲರೆ.

"ಧ್ರುವದ ಮೇಲೇನ್ರೀ? ಸ್ವೆಟರ್ ಇಟ್ಕಂಡಾಳೋ ಇಲ್ಲೋ!"

2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಈ ದಾರಿಯ ಮೊದಲ ನೇರ ವಿಮಾನ ಹಾರಿಸಿಕೊಂಡು ಬಂದದ್ದು, 9ರ ರಾತ್ರಿ ಅಲ್ಲಿ ಬಿಟ್ಟು 11ರ ನಸುಕಿಗೆ ಇಲ್ಲಿ ಇಳಿದದ್ದು, ಎಲ್ಲ ವಿವರಿಸಿದೆ. ಬಾಯಿ ಹೇಳುತ್ತಿದ್ದುದು ಕಿವಿಗೆ ಬೀಳಲಿಲ್ಲ ನೋಡಿ.

ಹದಿನೇಳು ಗಂಟೆ ಪ್ರಯಾಣ. ಶುಕ್ರವಾರ ರಾತ್ರಿ 9ಕ್ಕೆ ಬಿಟ್ಟರೆ ಶನಿವಾರ ಮಧ್ಯಾಹ್ನ 2ಕ್ಕೆ ಹಾಜರ್. ಬೆರಳು ಮಡಚಿ ಎರಡು ಸಲ ಎಣಿಸಿದೆ.

ಶನಿವಾರ ಬೆಳಗ್ಗೆ ಏಳಕ್ಕೇ ಬಾಡಿಗೆ ಕಾರು ಹತ್ತಿದೆವು. ನಮ್ಮಾಕೆ ನಸುಕಿಗೆ ಎದ್ದು ಮೆಣಸಿನಕಾಯಿ ಕರಿದು, ಮಂಡಕ್ಕಿ ಚೀಲ ಕಟ್ಟಿಕೊಂಡಿದ್ದಳು. ಸಿರಾ ಹತ್ತಿರ ಟೀ ಕುಡಿಯುವಾಗ ಮಗಳ ಮೆಸೇಜು: "ಹತ್ತಿ ಕೂತೆ ಅಪ್ಪಾಜಿ." "ರಾತ್ರಿ ಕಳಿಸಿದ್ದು ಈಗ ಬಂದೈತೆ, ಈ ನೆಟ್‌ವರ್ಕ್ ಹಣೆಬರಹ" ಎಂದು ಬೈದು ಫೋನು ಜೇಬಿಗಿಟ್ಟೆ.

ದೇವನಹಳ್ಳಿಯಲ್ಲಿ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಮಗಳ ಫೋನು ಸ್ವಿಚ್ ಆಫ್. ನಮ್ಮಾಕೆ ದುಗ್ಗಮ್ಮನಿಗೆ ಹರಕೆ ಹೊತ್ತಳು. ಡ್ರೈವರ್ ನನ್ನ ಹಳೇ ಶಿಷ್ಯ, ಭೂಗೋಳದ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ತಲೆ ಕೆರೆದುಕೊಂಡ.

"ಸಾರ್, ಅಲ್ಲಿ ರಾತ್ರಿ ಅಂದ್ರೆ ಇಲ್ಲಿ ಹಗಲಲ್ವಾ? ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂತ ಬಡಿದು ಕಲಿಸಿದ್ರಿ."

ನಮ್ಮ ಗಡಿಯಾರದ ರೇಖಾಂಶ 82½ ಪೂರ್ವ, ಅವರದು 120 ಪಶ್ಚಿಮ. ನಡುವೆ ಹದಿಮೂರೂವರೆ ಗಂಟೆ. ಬೇಸಿಗೆಯಲ್ಲಿ ಅವರು ಮುಳ್ಳು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಹನ್ನೆರಡೂವರೆ. ನಾವು ಸಿರಾದಲ್ಲಿ ಟೀ ಕುಡಿಯುವಾಗಲೇ ಅವಳ ವಿಮಾನ ನೆಲ ಬಿಟ್ಟದ್ದು. ಇಳಿಯುವುದು ಭಾನುವಾರ ಬೆಳಗಿನ ಜಾವ ಎರಡೂವರೆಗೆ.

ಮೆತ್ತಗಾದ ಮೆಣಸಿನಕಾಯಿ ಸಂಜೆಗೇ ಖಾಲಿ, ಮಂಡಕ್ಕಿ ರಾತ್ರಿಗೆ. ಹೆಚ್ಚು ತಿಂದವನು ಡ್ರೈವರ್, ಬೇಡ ಅನ್ನುವ ಮುಖ ನನಗಿರಲಿಲ್ಲ.

ಮೂರೂವರೆಗೆ ಟ್ರಾಲಿ ತಳ್ಳಿಕೊಂಡು ಬಂದ ಮಗಳು ಕೇಳಿದಳು, "ಬಾಳ ಹೊತ್ತಾಯ್ತೇನವ್ವಾ ಬಂದು?"

"ನಿನ್ನೇನೇ ಬಂದೀವಿ" ಎಂದಳು ನಮ್ಮಾಕೆ, ನನ್ನ ಕಡೆ ನೋಡದೆ.