ಬೆಟ್ಟ ಎತ್ತಿದವರು (3)

ಬೆಳಗ್ಗೆ 6 ಗಂಟೆ 40 ನಿಮಿಷ. ಡಿಕಾಕ್ಷನ್ ಇನ್ನೂ ತೊಟ್ಟಿಕ್ಕುತ್ತಿತ್ತು. ಪೇಪರು ಗೇಟಿನ ಒಳಗೆ ಬಿದ್ದಿದೆಯೋ ಚರಂಡಿಗೆ ಬಿದ್ದಿದೆಯೋ ನೋಡಿರಲಿಲ್ಲ. ಅಷ್ಟರಲ್ಲಿ ಫೋನು ಟಿಂಗ್ ಅಂದಿತು. ನಮ್ಮ ಪದಬಂಧದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದರು: 'ಇವತ್ತು ಸುಲಭ ಇತ್ತು, ಅಲ್ವಾ? 9 ನಿಮಿಷ.'

9 ನಿಮಿಷದ ಬಗ್ಗೆ ನನ್ನ ತಕರಾರಿಲ್ಲ. ದೇವರು ಕೆಲವರಿಗೆ ಹಾಗೆ ಕೊಟ್ಟಿರುತ್ತಾನೆ. 'ಸುಲಭ ಇತ್ತು' ಅನ್ನುವುದನ್ನೂ ಹಲ್ಲು ಕಚ್ಚಿಕೊಂಡು ಸಹಿಸಬಹುದು. ಆದರೆ ಆ 'ಅಲ್ವಾ' ಇದೆಯಲ್ಲ, ಅದು ಬೇಕಿತ್ತಾ? ಹೌದು ಅಂದರೆ ಸುಳ್ಳು. ಇಲ್ಲ ಅಂದರೆ ಮಾನ ಹೋಗುತ್ತದೆ. ಸುಮ್ಮನಿದ್ದರೂ ಉಳಿಗಾಲವಿಲ್ಲ. ಓದಿದವರ ಪಟ್ಟಿಯಲ್ಲಿ ನನ್ನ ಹೆಸರು ಅವರಿಗೆ ಕಾಣುತ್ತದೆ.

ಗುಂಪಿನಲ್ಲಿ 23 ಜನ ಇದ್ದೇವೆ. ಮೈಸೂರು, ಧಾರವಾಡ, ಪುಣೆ, ಹ್ಯೂಸ್ಟನ್. ಅರ್ಧಕ್ಕರ್ಧ ಜನರ ಮುಖ ನಾನು ನೋಡಿಲ್ಲ. ಆದರೆ ಯಾರಿಗೆ ಕ್ರಿಕೆಟ್ಟಿನ ಪದ ಹೊಳೆಯುವುದಿಲ್ಲ, ಯಾರು ಬೈಬಲ್ಲಿನ ಹೆಸರು ಬಂದರೆ ತೆಪ್ಪಗಾಗುತ್ತಾರೆ ಅನ್ನುವುದೆಲ್ಲ ಗೊತ್ತು. ಇಂಗ್ಲಿಷ್ ಪೇಪರಿನ ಕ್ರಿಪ್ಟಿಕ್ ಪದಬಂಧವನ್ನು, ಅಂದರೆ ಸುಳಿವಿನಲ್ಲೇ ಪದದಾಟದ ಮೋಸ ಇರುವ ಪದಬಂಧವನ್ನು, ಅವರವರ ಮನೆಯಲ್ಲಿ ಕೂತು ಬಿಡಿಸುತ್ತೇವೆ. 10 ಗಂಟೆ ಹೊಡೆದ ಮೇಲೆ ಉತ್ತರ ಹಾಕಿ ಜಗಳ ಆಡುತ್ತೇವೆ. 10ಕ್ಕೆ ಮುಂಚೆ ಉತ್ತರ ಹೇಳಬಾರದು ಅಂತ ನಿಯಮ ಇದೆ. 'ಸುಲಭ' ಅನ್ನಬಾರದು ಅಂತಲೂ ಒಂದು ನಿಯಮ ತರೋಣ ಅಂತ ನಾನು ಸೂಚಿಸಿದ್ದೆ. ಮತಕ್ಕೆ ಹಾಕಿದರು. ನನ್ನ ಪರ 4, ವಿರುದ್ಧ 11. ಉಳಿದವರು ಆ ದಿನದ 17 ಅಡ್ಡದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ.

ಈ 9 ನಿಮಿಷದವರೇ ಒಮ್ಮೆ 1942ರ ಕಥೆ ಹಾಕಿದ್ದರು. ಲಂಡನ್ನಿನ ಡೈಲಿ ಟೆಲಿಗ್ರಾಫ್ ಆ ಜನವರಿಯಲ್ಲಿ ಒಂದು ಸ್ಪರ್ಧೆ ಇಟ್ಟಿತು. 12 ನಿಮಿಷದೊಳಗೆ ಪದಬಂಧ ಬಿಡಿಸಬೇಕು. ಅಲ್ಲಿಗೆ ಬಂದವರಲ್ಲಿ ಕೆಲವರಿಗೆ ಆಮೇಲೆ ಸರ್ಕಾರದಿಂದ ಗುಟ್ಟಾಗಿ ಕರೆ ಹೋಯಿತು. ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ನರ ಗುಪ್ತಲಿಪಿ ಒಡೆಯುವ ಕೆಲಸ. ಇಷ್ಟು ಹೇಳಿ ಅವರು ಒಂದು ನಗುವ ಮುಖ ಹಾಕಿದರು. ತಾವು ಹುಟ್ಟಿದ್ದು ತಡವಾಯಿತು, ಇಲ್ಲದಿದ್ದರೆ ಯುದ್ಧ ಬೇಗ ಮುಗಿಯುತ್ತಿತ್ತು ಅಂತ ಅದರ ಅರ್ಥ. ನಾನು ಕೂತು ಹುಡುಕಿದೆ. ಆ ದಿನ ಎಲ್ಲರಿಗಿಂತ ಬೇಗ ಮುಗಿಸಿದಾತ ಒಂದು ಪದದ ಕಾಗುಣಿತ ತಪ್ಪಿ ಸ್ಪರ್ಧೆಯಿಂದಲೇ ಹೊರಬಿದ್ದಿದ್ದ. ಅದನ್ನು ಗುಂಪಿಗೆ ಹಾಕಿದೆ. ಯಾರೂ ಹೆಬ್ಬೆರಳು ಎತ್ತಲಿಲ್ಲ.

ನನ್ನಂಥ ಕನ್ನಡ ಮೀಡಿಯಂ ತಲೆಗೆ ಈ ಆಟ ಹತ್ತುವುದೇ ಕಷ್ಟ. ಸುಳಿವಿನಲ್ಲಿ ಫ್ಲವರ್ ಅಂತ ಬಂದರೆ ಅದು ಹೂವಲ್ಲ, ಫ್ಲೋ ಆಗುವ ನದಿ. ನಂಬರ್ ಅಂದರೆ ಸಂಖ್ಯೆ ಅಲ್ಲ, ಮೈಯನ್ನು ನಮ್ ಮಾಡುವ ಅರಿವಳಿಕೆ. ಇದೆಲ್ಲ ಒಳಗೆ ಇಳಿಯಲು ನನಗೆ ಆರು ವರ್ಷ ಬೇಕಾಯಿತು. ಹೂವಿನಂಗಡಿ ಮುಂದೆ ನಿಂತು ಕಾವೇರಿ ಮೊಳ ಎಷ್ಟಮ್ಮ ಅಂತ ಕೇಳುವುದೊಂದು ಬಾಕಿ.

ಒಂದು ಹಳೆಯ ಸುಳಿವಿದೆ. ಎಚ್, ಐ, ಜೆ, ಕೆ, ಎಲ್, ಎಮ್, ಎನ್, ಓ. ಅಷ್ಟೇ. ಉತ್ತರ ನೀರು. ಎಚ್ ಟು ಓ. ಮೊದಲ ಸಲ ಇದನ್ನು ಕಂಡಾಗ ಅರ್ಧ ಗಂಟೆ ಸಿಟ್ಟು ಬಂತು. ಆಮೇಲೆ ಎರಡು ದಿನ ಖುಷಿ. ಆ ಸಿಟ್ಟಿಗೂ ಖುಷಿಗೂ ಮಧ್ಯೆ ಏನಾಗುತ್ತದೆ, ಮೋಸ ಹೋದವನು ಯಾಕೆ ನಗುತ್ತಾನೆ ಅನ್ನುವುದನ್ನೇ ಬರೆಯಬೇಕು ಅಂತ ಇವತ್ತು ಕೂತದ್ದು. ಬರೋಣ, ಅದಕ್ಕೇ ಬರೋಣ.

ಭಾನುವಾರ ಮಾತ್ರ ಗುಂಪಿನಲ್ಲಿ ಕನ್ನಡ. ಪೇಪರಿನದಲ್ಲ, ನಾವೇ ಸುಳಿವು ಕಟ್ಟುತ್ತೇವೆ. ಇದು ಮೇಷ್ಟ್ರ ಯೋಜನೆ. ಮೇಷ್ಟ್ರು ರಿಟೈರಾಗಿ ಹತ್ತು ವರ್ಷವಾಯಿತು, ಆದರೆ ಕೆಂಪು ಇಂಕು ಇನ್ನೂ ಒಣಗಿಲ್ಲ. 'ಹಿಂದಕ್ಕೆ ಹರಿದ ನದಿಗೆ 24 ಗಂಟೆ (2)' ಅಂತ ಹ್ಯೂಸ್ಟನ್ನಿನ ಅಕ್ಕ ಒಂದು ಕಟ್ಟಿದರು. ಬ್ರಾಕೆಟ್ಟಿನಲ್ಲಿರುವುದು ಉತ್ತರಕ್ಕೆ ಎಷ್ಟು ಮನೆ, ಅಂದರೆ ಎಷ್ಟು ಅಕ್ಷರ ಅಂತ. ನದಿ ತಿರುಗಿದರೆ ದಿನ. ಎಷ್ಟು ಚೆನ್ನಾಗಿದೆ ನೋಡಿ. ನಾನು ಕಟ್ಟಿದ್ದು, 'ಸಿಂಹಾಸನದ ತಲೆ ಹಾರಿದರೂ ಜಿಲ್ಲೆ ಉಳಿಯಿತು (3)'. ಹಾಸನದವರೊಬ್ಬರು ಗುಂಪಿನಲ್ಲಿದ್ದಾರೆ, ಅವರಿಗೇ ಹೊಳೆಯಲಿಲ್ಲ. ಇನ್ನೊಬ್ಬರದು, 'ಮದನ ಚೆಲ್ಲಾಪಿಲ್ಲಿಯಾದರೆ ನಿಗ್ರಹ (3)'. ಮದನ, ದಮನ. ಶಿವ ಮಾಡಿದ ಕೆಲಸ ಮೂರು ಮನೆಯಲ್ಲಿ ಮುಗಿಯಿತು.

ಹೊರಗಿನಿಂದ ನೋಡಿದಷ್ಟು ಸಲೀಸಲ್ಲ ಇದು. ಇಂಗ್ಲಿಷ್ ಅಕ್ಷರ ಬ್ರಹ್ಮಚಾರಿ, ಕರೆದಲ್ಲಿಗೆ ಒಂಟಿಯಾಗಿ ಬರುತ್ತದೆ. ನಮ್ಮ ಅಕ್ಷರ ಸಂಸಾರವಂದಿಗ. ಕೊಂಬು, ದೀರ್ಘ, ಒತ್ತು ಎಲ್ಲ ಕಟ್ಟಿಕೊಂಡೇ ಹೊರಡಬೇಕು. ಒಂದು ಆಗಸ್ಟ್ 15ಕ್ಕೆ ಹುಮ್ಮಸ್ಸಿನಲ್ಲಿ 'ಸ್ವಾತಂತ್ರ್ಯ' ಅಂತ ಅಡ್ಡ ಹಾಕಿಬಿಟ್ಟೆ. ಮೂರೇ ಮನೆ. ಆಮೇಲೆ ಕೊನೆಯ 'ತ್ರ್ಯ'ದಿಂದ ಕೆಳಕ್ಕೆ ಇಳಿಯುವ ಪದ ಬೇಕಲ್ಲ? ತ್ರ್ಯಂಬಕ ಬರುತ್ತಾನೆ ಅಂತ ಖುಷಿಯಾದೆ. ಅವನ ತಲೆಯ ಪಕ್ಕ ಒಂದು ಸೊನ್ನೆ. ಸ್ವಾತಂತ್ರ್ಯಕ್ಕೆ ಸೊನ್ನೆ ಸೇರಿಸುವಂತಿಲ್ಲ. ಅರ್ಧ ರಾತ್ರಿವರೆಗೆ ಕೂತು 'ತ್ರ್ಯಕ್ಷ' ಹುಡುಕಿದೆ. ಅವನೂ ಅದೇ ಮೂರು ಕಣ್ಣಿನವನೇ.

ಅದಿರಲಿ, ಕಾರವಾರದ ಗಲಾಟೆ ಹೇಳಬೇಕು. ನಾನು ಕಟ್ಟಿದ ಸುಳಿವು ಹೀಗಿತ್ತು: 'ಮೆಣಸಿನಕಾಯಿಯ ರುಚಿ ಏಳು ದಿನ ಇತ್ತು, ಕಡಲ ಊರಲ್ಲಿ (4)'. ಕಾರ, ವಾರ, ಕಾರವಾರ. ಹಾಕಿ ಎರಡು ನಿಮಿಷ ಆಗಿಲ್ಲ, ಮೇಷ್ಟ್ರು ಬಂದರು. 'ಖಾರಕ್ಕೆ ಮಹಾಪ್ರಾಣ. ಊರಿಗೆ ಅಲ್ಪಪ್ರಾಣ. ಸುಳಿವು ಅಸಿಂಧು.' ಧಾರವಾಡದವರು ಬಿಡಲಿಲ್ಲ. 'ನಾವು ಕಾರ ಅಂತೀವ್ರಿ. ನಿಮ್ಮ ಮಹಾಪ್ರಾಣ ನೀವ ಇಟ್ಕೋರಿ.' ಯಾರೋ 1894ರ ಕಿಟ್ಟೆಲ್ ಕೋಶದ ಪುಟದ ಫೋಟೊ ಹಾಕಿದರು. ಅದು ಎಷ್ಟು ಮಸುಕಾಗಿತ್ತೆಂದರೆ ಎರಡೂ ಕಡೆಯವರು ಅದನ್ನೇ ತಮ್ಮ ಸಾಕ್ಷಿ ಅಂದರು. ಮಧ್ಯಾಹ್ನದ ಹೊತ್ತಿಗೆ 146 ಮೆಸೇಜು. ಇಬ್ಬರು ಗುಂಪು ಬಿಟ್ಟರು, ಸಂಜೆ ಕಾಫಿಯ ಹೊತ್ತಿಗೆ ವಾಪಸ್ ಬಂದರು. ಕೊನೆಗೆ ಮೇಷ್ಟ್ರು ತೀರ್ಪು ಕೊಟ್ಟರು: 'ಇದು ನ್ಯಾಯದ ಸುಳಿವಲ್ಲ.'

ಈ 'ನ್ಯಾಯ' ಅನ್ನುವುದು ಪದಬಂಧದವರ ಪಾಲಿಗೆ ದೊಡ್ಡ ಮಾತು. ಆಫ್ರಿಟ್ ಅನ್ನುವ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ಇಂಗ್ಲೆಂಡಿನ ಮೇಷ್ಟ್ರೊಬ್ಬರು 1949ರಲ್ಲೇ ಒಂದು ಕಟ್ಟಳೆ ಹಾಕಿದ್ದಾರೆ. ನಾನು ಹೇಳಿದ್ದೇ ನನ್ನ ಅರ್ಥ ಆಗಿರಬೇಕಿಲ್ಲ. ಆದರೆ ನನ್ನ ಅರ್ಥ ನಾನು ಹೇಳಿದ್ದರಲ್ಲಿ ಇರಲೇಬೇಕು. ಇದನ್ನು ಓದಿದಾಗೆಲ್ಲ ನನಗೆ ನಮ್ಮ ಅಜ್ಜಿ ನೆನಪಾಗುತ್ತಾಳೆ. ಅಜ್ಜಿ ಅನ್ಯಾಯದ ಸುಳಿವು ಕೊಟ್ಟಿದ್ದಳು. ಅದರ ಫಲವನ್ನು ನಮ್ಮ ಮನೆ ಹನ್ನೊಂದು ವರ್ಷ ಉಂಡಿತು.

ನಮ್ಮೂರು ತಿಪಟೂರಿನ ಹತ್ತಿರ. ಅಜ್ಜ ಕೊಬ್ಬರಿ ಹಾಕಿಕೊಂಡು ಸಂತೆಗೆ ಹೋಗಿದ್ದ ದಿನ ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳುವ ಗುಮಾಸ್ತ ಬಂದ. ಮನೆಯಲ್ಲಿ ಅಜ್ಜಿ ಒಬ್ಬಳೇ. ಯಜಮಾನರ ಹೆಸರೇನಮ್ಮ ಅಂತ ಕೇಳಿದ. ಅಜ್ಜಿ ಗಂಡನ ಹೆಸರು ಹೇಳುವುದುಂಟೇ? ಅಜ್ಜನ ಹೆಸರು ಕೃಷ್ಣಪ್ಪ. ಆ ಕಾರಣಕ್ಕೆ ಅವಳು ಕೃಷ್ಣ ಪಕ್ಷವನ್ನು 'ಕತ್ತಲೆ ಹದಿನೈದು' ಅನ್ನುತ್ತಿದ್ದಳು. ಮದುವೆಮನೆಯಲ್ಲಿ ಹೆಸರು ಹೇಳು ಅಂತ ಕಾಡಿದರೆ ಒಡಪಿನೊಳಗೆ ಸೇರಿಸಿ, ಸೆರಗು ಬಾಯಿಗಿಟ್ಟು, ಕೇಳಿಸಿತೋ ಇಲ್ಲವೋ ಅನ್ನುವಂತೆ ಹೇಳಿ ಓಡುವವಳು. ಗುಮಾಸ್ತನ ಮುಂದೆ ಒಡಪು ಹೇಳಲಾಗುತ್ತದೆಯೇ? ಯೋಚಿಸಿ ಅಂದಳು: 'ಬೆಟ್ಟ ಎತ್ತಿದವರು.'

ಗುಮಾಸ್ತನೂ ಈ ಕಡೆಯವನೇ. ಇಂಥ ಹೆಂಗಸರನ್ನು ದಿನಕ್ಕೆ ಇಪ್ಪತ್ತು ನೋಡಿದವನು. ಪೆನ್ನು ಎತ್ತಲೂ ಇಲ್ಲ, 'ಹನುಮಂತಪ್ಪ' ಅಂತ ಬರೆದು ಪುಟ ತಿರುಗಿಸಿದ.

ಅವನದೇನು ತಪ್ಪು? ಹನುಮಂತನೂ ಬೆಟ್ಟ ಎತ್ತಿದವನೇ. 'ಕಿರುಬೆರಳಲ್ಲಿ' ಅಂತ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಕನಕದಾಸರ ಮುಂಡಿಗೆ ಹಾಡಿಕೊಂಡು ಬೆಳೆದವಳು ಇದನ್ನು ಮರೆಯಬಾರದಿತ್ತು. ಅಲ್ಲಿ ಸೂರ್ಯನನ್ನು ಸೂರ್ಯ ಅನ್ನುವುದಿಲ್ಲ, ರಕ್ಕಸಿಯ ಗಂಡನ ಅಣ್ಣನ ಅಪ್ಪನ ಅಪ್ಪ ಅನ್ನುವಂಥ ಧಾಟಿ. ಹಿಡಿಂಬೆ, ಭೀಮ, ಧರ್ಮರಾಯ, ಯಮ, ಸೂರ್ಯ ಅಂತ ಬೆರಳು ಮಡಚಿಕೊಂಡು ಹೋದರೆ ದಾರಿ ಒಂದೇ. ಅಥವಾ ನಮ್ಮ ಪದ್ಧತಿಯಂತೆ ಮನೆ ಎಷ್ಟು ಅಂತಾದರೂ ಹೇಳಬೇಕಿತ್ತು. ಬೆಟ್ಟ ಎತ್ತಿದವರು, ಬ್ರಾಕೆಟ್ಟಿನಲ್ಲಿ 3. ಕೃ, ಷ್ಣ, ಪ್ಪ. ಹನುಮಂತಪ್ಪನಿಗೆ ಐದು ಮನೆ ಬೇಕು. ಗುಮಾಸ್ತ ಅಲ್ಲೇ ನಿಂತುಬಿಡುತ್ತಿದ್ದ.

ಕಾರ್ಡು ಬಂತು. ಅಜ್ಜ ಕೂಗಾಡಿದರು. ತಿದ್ದಿಸಲು ಹೋದರೆ ಕೃಷ್ಣಪ್ಪ ಅನ್ನುವವರು ನೀವೇ ಅನ್ನುವುದಕ್ಕೆ ಏನು ಗುರುತು ಅಂದರಂತೆ. ರೇಷನ್ ಕಾರ್ಡು ತನ್ನಿ. ತಂದರು. ಇದರಲ್ಲಿ ಹನುಮಂತಪ್ಪ ಅಂತಿದೆಯಲ್ಲ ಸ್ವಾಮಿ? ಮೂರು ಸಲ ಎಡತಾಕಿ ಅಜ್ಜ ಕೈಬಿಟ್ಟರು. ಸಕ್ಕರೆ ಬಂದರೆ ಸಾಕು, ಸೀಮೆಎಣ್ಣೆ ಬಂದರೆ ಸಾಕು. ಡಿಪೋದವನು 'ಹನುಮಂತಪ್ಪಾ' ಅಂತ ಕೂಗಿದರೆ ನಮ್ಮಜ್ಜ ಡಬ್ಬ ಹಿಡಿದು ಮುಂದೆ ಹೋಗುತ್ತಿದ್ದರು. ಊರಿನ ಹುಡುಗರು ಜೈ ಅನ್ನುತ್ತಿದ್ದರು. ಒಂದು ಸಲ ಅದೇ ಊರಿನ ನಿಜವಾದ ಹನುಮಂತಪ್ಪನೊಬ್ಬನಿಗೂ ಅಜ್ಜನಿಗೂ ಐದು ಲೀಟರು ಸೀಮೆಎಣ್ಣೆಗಾಗಿ ಜಗಳ ಹತ್ತಿ, ಪಂಚಾಯ್ತಿ ಕಟ್ಟೆಯವರೆಗೆ ಹೋಯಿತು. ಕೊನೆಗೆ ಎರಡೂವರೆ, ಎರಡೂವರೆ.

ಈ ಎಲ್ಲದರಲ್ಲಿ ಒಬ್ಬಳಿಗೆ ಮಾತ್ರ ಲಾಭವಾಯಿತು. ಹನುಮಂತಪ್ಪ ಅನ್ನುವುದು ಗಂಡನ ಹೆಸರಲ್ಲವಲ್ಲ! ಹೇಳಿದರೆ ಯಾವ ದೋಷವೂ ಇಲ್ಲ. ಮದುವೆಯಾಗಿ ಮೂವತ್ತು ವರ್ಷ 'ರೀ', 'ಇಲ್ನೋಡಿ', 'ಏನಂದ್ರೆ' ಅಂತ ಕಳೆದವಳು ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಕೂಗಿದಳಂತೆ: 'ಹನುಮಂತಪ್ನೋರೇ, ಊಟಕ್ಕೆ ಬನ್ನಿ.' ಅಜ್ಜ ಬಚ್ಚಲ ಹತ್ತಿರ ಕಾಲು ತೊಳೆಯುತ್ತಿದ್ದವರು ಚೊಂಬು ಹಿಡಿದು ಹಾಗೇ ನಿಂತರಂತೆ. ಆಮೇಲೆ ಅವಳಿಗೆ ಅದೇ ಅಭ್ಯಾಸವಾಯಿತು. ನನಗೆ ಬುದ್ಧಿ ಬರುವ ಹೊತ್ತಿಗೆ ದಿನಕ್ಕೆ ಹತ್ತು ಸಲವಾದರೂ ಕೂಗುತ್ತಿದ್ದಳು. ಹನುಮಂತಪ್ನೋರೇ ಎಲೆಅಡಿಕೆ ಎಲ್ಲಿಟ್ರಿ, ಹನುಮಂತಪ್ನೋರೇ ಹಸು ಬಂತು ನೋಡಿ. ಕಾರ್ಡು ಬದಲಾಗಿ ಹೆಸರು ಸರಿಹೋದ ವರ್ಷ ಅವಳು ಮತ್ತೆ 'ರೀ'ಗೆ ಇಳಿಯಬೇಕಾಯಿತು. ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಎಲ್ಲಿದ್ದೆ? ಸಿಟ್ಟು ಮತ್ತು ಖುಷಿ. ಅದಕ್ಕೆ ಬರುವ ಮುಂಚೆ ಇನ್ನೊಂದು. ಗಾರ್ಡಿಯನ್ ಪತ್ರಿಕೆಗೆ ಅರೌಕೇರಿಯಾ ಅನ್ನುವ ಹೆಸರಲ್ಲಿ ದಶಕಗಳ ಕಾಲ ಪದಬಂಧ ಕಟ್ಟಿದವರು ಜಾನ್ ಗ್ರಹಾಂ. ವೃತ್ತಿಯಿಂದ ಪಾದ್ರಿ. 2013ರ ಜನವರಿಯಲ್ಲಿ, 91ನೇ ವಯಸ್ಸಿನಲ್ಲಿ, ಅವರ ಪದಬಂಧದ ಮೇಲೆ ಒಂದು ಸಾಲಿತ್ತು. ಅರೌಕೇರಿಯಾಗೆ 19ರ 18 ಆಗಿದೆ, 13 15 ನಡೆಯುತ್ತಿದೆ, ಅನ್ನುವಂಥ ಸಾಲು. ಅಂಕಿಗಳೆಲ್ಲ ಅದೇ ಪದಬಂಧದ ಸುಳಿವುಗಳವು. ಓದುಗರು ಎಂದಿನಂತೆ ಪೆನ್ಸಿಲ್ ಹಿಡಿದು ಕೂತರು. 19 ಅನ್ನನಾಳ. 18 ಕ್ಯಾನ್ಸರ್. 13 15, ಗುಣವಾಗದ ರೋಗಿಗೆ ನೋವು ತಗ್ಗಿಸುವ ಆರೈಕೆ. ಒಂದೊಂದೇ ಮನೆ ತುಂಬುತ್ತ ಹೋದಂತೆ ಅವರಿಗೆ ಹೇಗಾಗಿರಬೇಕು? ಅದೇ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ಪದಬಂಧವನ್ನೂ ಯಾರೋ ಒಬ್ಬರು 9 ನಿಮಿಷದಲ್ಲಿ ಬಿಡಿಸಿರುತ್ತಾರೆ. ಸುಲಭ ಇತ್ತು ಅಂದಿರಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ಕಾಫಿ ಆರಿಹೋಗಿದೆ. ಇವತ್ತಿನದರಲ್ಲಿ ನನಗೆ ಇನ್ನೂ ಏಳು ಸುಳಿವು ಬಾಕಿ. ಅವುಗಳಲ್ಲಿ ಒಂದರಲ್ಲಿ ಫ್ಲವರ್ ಅಂತಿದೆ, ಈ ಸಲ ಅದು ನಿಜವಾಗಿಯೂ ಹೂವೇ ಇರಬಹುದೇನೋ ಅಂತ ಅನುಮಾನ.

ಹಾಂ, ಅಜ್ಜಿಯ ಸುಳಿವನ್ನು ನ್ಯಾಯವಾಗಿ ತಿದ್ದಿ ಕಳೆದ ಭಾನುವಾರ ಗುಂಪಿಗೆ ಹಾಕಿದೆ. 'ಬೆಟ್ಟ ಎತ್ತಿದವರು (3)'. ಈಗ ಯಾರೂ ದಾರಿ ತಪ್ಪುವಂತಿಲ್ಲ ಅಂತ ಕಾಲು ಚಾಚಿ ಕೂತೆ. ಐದು ಸೆಕೆಂಡು ಆಗಿಲ್ಲ, ಟಿಂಗ್.

'ಹನುಮ. ಸುಲಭ ಇತ್ತು, ಅಲ್ವಾ?'

ಎಣಿಸಿ ನೋಡಿದೆ. ಹ, ನು, ಮ.