ವಿಶ್ವಸಂಸ್ಥೆ ಸುಧಾರಿಸಬೇಕಾದರೆ ಮೊದಲು ಹಣ ಬರುವ ದಾರಿ ನೋಡಿ

ವಿಶ್ವಸಂಸ್ಥೆಗೆ 80 ತುಂಬಿದಾಗಿನಿಂದ ಎಲ್ಲ ಕಡೆ ಇದೇ ಮಾತು. ಸಂಸ್ಥೆಗಳು ಜಾಸ್ತಿ ಆಗಿವೆ, ಒಂದೇ ಕೆಲಸ ನಾಲ್ಕು ಕಡೆ ನಡೆಯುತ್ತಿದೆ, ಕೆಲವನ್ನು ಮುಚ್ಚಿ, ಕೆಲವನ್ನು ಸೇರಿಸಿ, ಸಿಬ್ಬಂದಿ ಇಳಿಸಿ. ಪ್ರಧಾನ ಕಾರ್ಯದರ್ಶಿ ಆಂಟೊನಿಯೊ ಗುಟೆರೆಸ್ 2025ರ ಮಾರ್ಚ್‌ನಲ್ಲಿ 'ಯುಎನ್80' ಎಂಬ ಯೋಜನೆಯನ್ನೇ ಶುರು ಮಾಡಿದರು. ಅವರೇ ಕೊಟ್ಟ ಲೆಕ್ಕ ನೋಡಿ. 2024ರಲ್ಲಿ 240 ಸಮಿತಿ, ಮಂಡಳಿಗಳ 27,000 ಸಭೆ ನಡೆದಿವೆ. ಸಚಿವಾಲಯ 1,100 ವರದಿ ಬರೆದಿದೆ. ಐದರಲ್ಲೊಂದು ವರದಿಯ ಡೌನ್‌ಲೋಡ್ ಸಂಖ್ಯೆ ಸಾವಿರವನ್ನೂ ಮುಟ್ಟಿಲ್ಲ.

ಇದೆಲ್ಲ ಕಡಿಮೆ ಆಗಬೇಕು, ಒಪ್ಪುತ್ತೇನೆ. ಆದರೆ ಕಚೇರಿ ಮುಚ್ಚಿದ ಮಾತ್ರಕ್ಕೆ ಸಂಸ್ಥೆಗಳು ಒಟ್ಟಾಗಿ ಕೆಲಸ ಮಾಡಲು ಶುರು ಮಾಡುತ್ತವೆ ಅಂದರೆ ನಾನು ನಂಬುವುದಿಲ್ಲ. ಅವು ಬೇರೆ ಬೇರೆ ದಿಕ್ಕಿಗೆ ಎಳೆಯುವುದಕ್ಕೆ ದೊಡ್ಡ ಕಾರಣ ಅವುಗಳಿಗೆ ಹಣ ಬರುವ ರೀತಿ. ಆ ಹಣ ಕೊಡುವುದು ಸುಧಾರಣೆ ಕೇಳುತ್ತಿರುವ ಇದೇ ಸರ್ಕಾರಗಳು.

ವಿಶ್ವ ಆರೋಗ್ಯ ಸಂಸ್ಥೆಯನ್ನೇ ತೆಗೆದುಕೊಳ್ಳಿ. ಪ್ರತಿ ಸದಸ್ಯ ರಾಷ್ಟ್ರವೂ ಅದಕ್ಕೆ ಕಡ್ಡಾಯ ವಂತಿಗೆ ಕೊಡಬೇಕು. ಆದರೆ ಈ ವಂತಿಗೆ 2024–25ರಲ್ಲೂ ಸಂಸ್ಥೆಯ ಬಜೆಟ್ಟಿನ ಶೇ 20ರಷ್ಟೂ ಇರಲಿಲ್ಲ. ಉಳಿದದ್ದೆಲ್ಲ ಸರ್ಕಾರಗಳು, ಪ್ರತಿಷ್ಠಾನಗಳು ತಾವಾಗಿ ಕೊಡುವ ದೇಣಿಗೆ. ಅದರಲ್ಲೂ ಹೆಚ್ಚಿನದಕ್ಕೆ ಷರತ್ತು ಅಂಟಿಕೊಂಡಿರುತ್ತದೆ. ಇಂಥ ರೋಗಕ್ಕೆ, ಇಂಥ ದೇಶದಲ್ಲಿ, ಇಷ್ಟರೊಳಗೆ ಖರ್ಚು ಮಾಡಿ ಅಂತ. ಹಾಗಾಗಿ ಪೋಲಿಯೊಗೆ ಹಣ ಇರುತ್ತದೆ, ನಾಳೆ ಎಲ್ಲೋ ಹೊಸ ಸೋಂಕು ಕಾಣಿಸಿಕೊಂಡರೆ ಓಡಿ ಹೋಗುವ ತಂಡಕ್ಕೆ ಇರುವುದಿಲ್ಲ.

ಪಶ್ಚಿಮ ಆಫ್ರಿಕಾದ ಎಬೋಲಾದಲ್ಲಿ ಆಗಿದ್ದೂ ಇದೇ. ಸಾಂಕ್ರಾಮಿಕ ಮತ್ತು ತುರ್ತು ಸ್ಥಿತಿ ಎದುರಿಸಲು ಇಟ್ಟಿದ್ದ ಬಜೆಟ್ಟನ್ನು 2014–15ರ ಅವಧಿಗೆ ಸುಮಾರು ಅರ್ಧಕ್ಕೆ ಇಳಿಸಲಾಗಿತ್ತು. ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸದಸ್ಯ ರಾಷ್ಟ್ರಗಳೇ. 2014ರ ಮಾರ್ಚ್‌ನಲ್ಲಿ ಗಿನಿಯಲ್ಲಿ ಎಬೋಲಾ ಖಚಿತವಾಯಿತು. ಜೂನ್‌ನಲ್ಲಿ ಎಂಎಸ್‌ಎಫ್ ಎಂಬ ಸ್ವಯಂಸೇವಾ ವೈದ್ಯಕೀಯ ಸಂಘಟನೆಯ ವೈದ್ಯರು ಪರಿಸ್ಥಿತಿ ಕೈಮೀರಿದೆ ಅಂತ ಎಚ್ಚರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿದ್ದು ಆಗಸ್ಟ್ 8ರಂದು. ಇದರ ಜೊತೆಗೆ, ಸಂಸ್ಥೆಯ ಆರು ಪ್ರಾದೇಶಿಕ ಕಚೇರಿಗಳ ಮುಖ್ಯಸ್ಥರನ್ನು ಆರಿಸುವುದು ಆಯಾ ಪ್ರದೇಶದ ದೇಶಗಳು. ಜಿನೀವಾದಲ್ಲಿ ಕೂತ ಮಹಾನಿರ್ದೇಶಕರ ಮಾತು ಅಲ್ಲಿ ಎಷ್ಟು ನಡೆಯುತ್ತದೆ, ಹೇಳಿ. ಕೊನೆಗೆ 11,000ಕ್ಕೂ ಹೆಚ್ಚು ಜನ ಸತ್ತರು. ಹಣ ಕಡಿತ ಮಾಡಿದ ಸರ್ಕಾರಗಳೇ ಆಮೇಲೆ 'ಸಂಸ್ಥೆ ತಡ ಮಾಡಿತು' ಅಂತ ದೂರಿದವು. ಸಂಸ್ಥೆಯದೂ ತಪ್ಪಿತ್ತು ನಿಜ. ಆದರೆ ಅದೊಂದರದ್ದೇ ಅಲ್ಲ.

ಇನ್ನು ರೋಮ್‌ಗೆ ಬನ್ನಿ. ಆಹಾರಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ ಮೂರು ಸಂಸ್ಥೆಗಳು ಅಲ್ಲೇ ಇವೆ. 1945ರಲ್ಲಿ ಹುಟ್ಟಿದ ಆಹಾರ ಮತ್ತು ಕೃಷಿ ಸಂಸ್ಥೆ, 1961ರ ವಿಶ್ವ ಆಹಾರ ಕಾರ್ಯಕ್ರಮ, 1977ರ ಕೃಷಿ ಅಭಿವೃದ್ಧಿ ನಿಧಿ. ಒಂದು ಬೇಸಾಯಕ್ಕೆ ತಾಂತ್ರಿಕ ನೆರವು ಕೊಡುತ್ತದೆ, ಒಂದು ಹಸಿದವರಿಗೆ ಆಹಾರ ತಲುಪಿಸುತ್ತದೆ, ಇನ್ನೊಂದು ಸಾಲ ಕೊಡುತ್ತದೆ. ಮೂರೂ ಬೇಕು. ಆದರೆ ಮೂರಕ್ಕೂ ಬೇರೆ ಆಡಳಿತ ಮಂಡಳಿ, ದೇಣಿಗೆ ಕೇಳಲು ಬೇರೆ ತಂಡ. ದಾನಿ ರಾಷ್ಟ್ರ 'ನನ್ನ ಹಣದಿಂದ ಏನಾಯಿತು, ತೋರಿಸಿ' ಅಂತ ಒಂದೊಂದನ್ನೂ ಬೇರೆ ಬೇರೆ ಕೇಳಿದಾಗ, ಪ್ರತಿಯೊಂದೂ ತನ್ನದೇ ಸಮೀಕ್ಷೆ ಮಾಡುತ್ತದೆ, ತನ್ನದೇ ವರದಿ ಬರೆಯುತ್ತದೆ, ಸಾಧನೆಯನ್ನು ತನ್ನ ಹೆಸರಿಗೇ ಬರೆದುಕೊಳ್ಳುತ್ತದೆ. ಪಕ್ಕದ ಸಂಸ್ಥೆಗೆ ಕೆಲಸ ಬಿಟ್ಟುಕೊಟ್ಟರೆ ಮುಂದಿನ ವರ್ಷದ ದೇಣಿಗೆಯೂ ಅದರ ಹಿಂದೆಯೇ ಹೋಗುತ್ತದೆ. ಹೀಗಿರುವಾಗ ಯಾರು ಬಿಟ್ಟುಕೊಡುತ್ತಾರೆ?

ಸರ್ಕಾರಗಳ ಒಳಗೂ ಇದೇ ಕಥೆ. ಜಿನೀವಾದ ಸಭೆಗೆ ಆರೋಗ್ಯ ಸಚಿವಾಲಯದವರು ಹೋಗುತ್ತಾರೆ, ರೋಮ್‌ಗೆ ಕೃಷಿಯವರು, ನ್ಯೂಯಾರ್ಕ್‌ಗೆ ವಿದೇಶಾಂಗದವರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಎಲ್ಲರೂ ತಂತಮ್ಮ ಕಡೆ ಒಂದೊಂದು ಹೊಸ ಕಾರ್ಯಕ್ರಮಕ್ಕೆ ಕೈ ಎತ್ತಿ ಬರುತ್ತಾರೆ. ಮೇಲಾಗಿ ವಂತಿಗೆಯನ್ನು ಸಮಯಕ್ಕೆ ಕೊಡುವುದಿಲ್ಲ. ವಿಶ್ವಸಂಸ್ಥೆಯ ಹಣಕಾಸಿನಲ್ಲಿ ಇನ್ನೊಂದು ನಿಯಮ ಇದೆ: ಬಜೆಟ್ಟಿನಲ್ಲಿ ಖರ್ಚಾಗದೆ ಉಳಿದದ್ದನ್ನು ಸದಸ್ಯರ ಲೆಕ್ಕಕ್ಕೆ ವಾಪಸ್ ಜಮಾ ಮಾಡಬೇಕು. ವಂತಿಗೆ ಬಾರದೆ ಖರ್ಚು ನಿಲ್ಲಿಸಿದರೂ ಅದು 'ಉಳಿತಾಯ' ಅಂತ ಲೆಕ್ಕ ಆಗುತ್ತದೆ. ಕೈಗೇ ಬಾರದ ಹಣವನ್ನು ವಾಪಸ್ ಕೊಡಬೇಕಾದ ಈ ನಿಯಮ ಮೊದಲು ಹೋಗಬೇಕು.

2019ರ ಜನವರಿಯಲ್ಲಿ ಒಂದು ಒಳ್ಳೆಯ ಬದಲಾವಣೆ ಆಯಿತು. ಅಲ್ಲಿಯವರೆಗೆ ಪ್ರತಿ ದೇಶದಲ್ಲೂ ಯುಎನ್‌ಡಿಪಿ, ಅಂದರೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರೇ ಇಡೀ ವಿಶ್ವಸಂಸ್ಥೆಯ ಸಂಯೋಜಕರೂ ಆಗಿರುತ್ತಿದ್ದರು. ಸ್ಪರ್ಧಿಯೇ ತೀರ್ಪುಗಾರ ಆದ ಹಾಗೆ. ಆ ಎರಡು ಹುದ್ದೆ ಬೇರೆಯಾದವು. ಆದರೆ ಸಂಯೋಜಕರ ಕೈಗೆ ಹಣದ ಅಧಿಕಾರ ಬರಲಿಲ್ಲ. ಅವರು ಸಭೆ ಕರೆಯಬಹುದು, ಕೇಳಿಕೊಳ್ಳಬಹುದು. ಒಪ್ಪುವುದು ಬಿಡುವುದು ಸಂಸ್ಥೆಗಳ ಇಷ್ಟ. ಇದರ ಬದಲು 2006ರಲ್ಲಿ ಶುರುವಾದ ವಿಶ್ವಸಂಸ್ಥೆಯ ತುರ್ತು ಪರಿಹಾರ ನಿಧಿ, ಸೆರ್ಫ್, ನೋಡಿ. ಹಣ ಮೊದಲೇ ಒಂದು ಕಡೆ ಸೇರಿರುತ್ತದೆ. ವಿಪತ್ತು ಆದಾಗ ಎಲ್ಲಿಗೆ, ಯಾವ ಕೆಲಸಕ್ಕೆ ಅಂತ ವಿಶ್ವಸಂಸ್ಥೆಯ ತುರ್ತು ಪರಿಹಾರ ಸಂಯೋಜಕರು ನಿರ್ಧರಿಸುತ್ತಾರೆ. ಸಂಸ್ಥೆಗಳು ಕೂತು ಒಂದೇ ಯೋಜನೆ ಮಾಡಲೇಬೇಕಾಗುತ್ತದೆ. ನನ್ನ ಪ್ರಕಾರ ಎಲ್ಲದಕ್ಕೂ ಇದೇ ಮಾದರಿ ಆಗಬೇಕು.

ಹೈಟಿಯ ವಿಷಯ ಹೇಳದೆ ಇರಲಾರೆ. 2010ರ ಭೂಕಂಪದ ನಂತರ ಸಮನ್ವಯ ಸಭೆಗಳು ಬೇಕಾದಷ್ಟು ನಡೆದವು. ನಡೆದದ್ದು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆಯ ನೆಲೆಯೊಳಗೆ, ಬಹುತೇಕ ಇಂಗ್ಲಿಷ್‌ನಲ್ಲಿ. ಕ್ರಿಯೋಲ್ ಮತ್ತು ಫ್ರೆಂಚ್ ಮಾತಾಡುವ ಸ್ಥಳೀಯ ಸಂಘಟನೆಗಳಿಗೆ ಗೇಟು ದಾಟುವುದೇ ಕಷ್ಟವಾಗಿತ್ತು. ಯಾವ ಬೀದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಿದ್ದವರೇ ಹೊರಗೆ! ಅದೇ ವರ್ಷ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಕೊಳಚೆ ನದಿ ಸೇರಿ ಕಾಲರಾ ಹಬ್ಬಿತು. ಸುಮಾರು 10,000 ಜನ ಸತ್ತರು. ತನ್ನ ಪಾತ್ರವನ್ನು ಒಪ್ಪಿಕೊಳ್ಳಲು ವಿಶ್ವಸಂಸ್ಥೆಗೆ 2016 ಆಗಬೇಕಾಯಿತು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನ್ಯೂಯಾರ್ಕ್‌ಗೂ ಜಿನೀವಾಕ್ಕೂ ಉತ್ತರ ಕೊಡುವ ಸಂಸ್ಥೆ ಆ ನದಿ ದಡದ ಜನಕ್ಕೆ ಯಾಕೆ ಉತ್ತರ ಕೊಡಬೇಕಾಗಿರಲಿಲ್ಲ? 2016ರಲ್ಲೇ ದಾನಿಗಳು ಮತ್ತು ಸಂಸ್ಥೆಗಳು ಇಸ್ತಾಂಬುಲ್‌ನಲ್ಲಿ ಮಾತು ಕೊಟ್ಟರು, 2020ರೊಳಗೆ ಪರಿಹಾರದ ಹಣದಲ್ಲಿ ಶೇ 25 ಸ್ಥಳೀಯ ಸಂಘಟನೆಗಳಿಗೆ ಹೋಗುತ್ತದೆ ಅಂತ. 2020 ಬಂತು, ಹೋಯಿತು. ಗುರಿ ಮುಟ್ಟಲಿಲ್ಲ.

'ವೀಟೊ ಇರುವವರೆಗೂ ಏನೂ ಆಗುವುದಿಲ್ಲ ಬಿಡಿ' ಅನ್ನುವವರು ಬಹಳ ಜನ. ಸನ್ನದು, ಅಂದರೆ ವಿಶ್ವಸಂಸ್ಥೆಯ ಮೂಲ ಒಪ್ಪಂದ, ತಿದ್ದುವುದು ಕಷ್ಟ, ನಿಜ. ಮೂರನೇ ಎರಡು ಭಾಗ ಸದಸ್ಯರ ಜೊತೆ, ವೀಟೊ ಅಂದರೆ ನಿರ್ಣಯ ತಡೆಯುವ ಅಧಿಕಾರ ಇರುವ ಭದ್ರತಾ ಮಂಡಳಿಯ ಐದೂ ಕಾಯಂ ರಾಷ್ಟ್ರಗಳು ಒಪ್ಪಬೇಕು. ಭದ್ರತಾ ಮಂಡಳಿ ದೊಡ್ಡದಾಗಿದ್ದು ಒಂದೇ ಸಲ, 1965ರಲ್ಲಿ, 11ರಿಂದ 15ಕ್ಕೆ. ಆದರೆ ನಾನು ಇಲ್ಲಿ ಹೇಳಿದ ಯಾವುದಕ್ಕೂ ಸನ್ನದು ತಿದ್ದಬೇಕಿಲ್ಲ. ಷರತ್ತಿಲ್ಲದ ಹಣ ಕೊಡಲು ವೀಟೊ ಅಡ್ಡ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯರೇ 2022ರಲ್ಲಿ ಕಡ್ಡಾಯ ವಂತಿಗೆಯನ್ನು ಹಂತ ಹಂತವಾಗಿ ಮೂಲ ಬಜೆಟ್ಟಿನ ಅರ್ಧಕ್ಕೆ ಏರಿಸಲು ಒಪ್ಪಿದರು. ಉಳಿದ ಸಂಸ್ಥೆಗಳ ಮಂಡಳಿಗಳಲ್ಲೂ ಕೂತಿರುವುದು ಇದೇ ದೇಶಗಳು. ಅಲ್ಲೂ ಇದೇ ನಿರ್ಣಯ ತರಲಿ. ಗುಟೆರೆಸ್ ಅವರ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅವರ ನಂತರ ಬರುವವರು ಎಷ್ಟು ಹುದ್ದೆ ಕಡಿತ ಮಾಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಷರತ್ತಿನ ಹಣ ಬೇಡ ಅಂತ ದಾನಿಗಳ ಮುಖಕ್ಕೆ ಹೇಳುತ್ತಾರಾ, ದೇಶ ಸಂಯೋಜಕರ ಕೈಗೆ ಬಜೆಟ್ ಕೊಡಿಸುತ್ತಾರಾ ಅಂತಲೂ ಕೇಳಬೇಕು, ಅಲ್ವಾ?