ಉಪಗ್ರಹ ಕಂಡಿದ್ದು ಊರಿನವರಿಗೂ ಕಾಣಬೇಡವೇ?

ರಾಕೆಟ್ ಹಾರಿದ ದಿನ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಾವುಟಗಳ ಜಾತ್ರೆ. ಮೇಲೆ ಹೋದ ಉಪಗ್ರಹ ಆಮೇಲೆ ಏನು ನೋಡಿತು ಅಂತ ಕೇಳುವವರಿಲ್ಲ. ನನ್ನ ತಕರಾರು ಅಲ್ಲೇ.

2002ರಲ್ಲಿ ಅಮೆರಿಕ ಮತ್ತು ಜರ್ಮನಿಯವರು ಸೇರಿ ಗ್ರೇಸ್ ಎಂಬ ಜೋಡಿ ಉಪಗ್ರಹ ಹಾರಿಸಿದರು. ನೆಲದ ಫೋಟೊ ತೆಗೆಯುವುದು ಅವುಗಳ ಕೆಲಸವಾಗಿರಲಿಲ್ಲ. ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಾ, ಆ ಅಂತರ ಎಷ್ಟು ಹೆಚ್ಚುಕಮ್ಮಿ ಆಯಿತು ಅಂತ ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆಯುವುದು 2017ರವರೆಗೆ ಅವುಗಳ ಕೆಲಸವಾಗಿತ್ತು. ಕೆಳಗೆ ಭಾರ ಹೆಚ್ಚಿರುವ ಜಾಗ ಬಂದರೆ ಮುಂದಿನದು ಮೊದಲು ಎಳೆತಕ್ಕೆ ಸಿಗುತ್ತದೆ, ಅಂತರ ಹಿಗ್ಗುತ್ತದೆ. ತಿಂಗಳು ತಿಂಗಳೂ ಈ ಲೆಕ್ಕ ಇಟ್ಟರೆ ಎಲ್ಲಿ ಭಾರ ಇಳಿಯುತ್ತಿದೆ ಅಂತ ತಿಳಿಯುತ್ತದೆ. ನೆಲದಡಿಯ ನೀರಿಗೂ ತೂಕ ಇದೆಯಲ್ಲ!

2009ರಲ್ಲಿ ಹೊರಬಂದ ಲೆಕ್ಕ ಹೀಗಿತ್ತು: 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ಪಂಜಾಬ್, ಹರಿಯಾಣ, ದೆಹಲಿ, ರಾಜಸ್ಥಾನದಲ್ಲಿ 109 ಘನ ಕಿ.ಮೀ. ಅಂತರ್ಜಲ ಖಾಲಿ. ನಮ್ಮ ಕೆಆರ್‌ಎಸ್ ತುಂಬಿ ತುಳುಕಿದರೆ 49 ಟಿಎಂಸಿ ಚಿಲ್ಲರೆ. ಅಂಥ 75ಕ್ಕೂ ಹೆಚ್ಚು ಕೆಆರ್‌ಎಸ್! ಆ ವರ್ಷಗಳಲ್ಲಿ ಮಳೆಯೇನೂ ಕೈಕೊಟ್ಟಿರಲಿಲ್ಲ. ಎಲ್ಲ ಪಂಪ್‌ಸೆಟ್‌ಗಳ ಕೆಲಸ. ಗ್ರೇಸ್‌ಗೆ ಕೋಲಾರದ ಒಂದು ಬೋರ್‌ವೆಲ್ ಕಾಣುತ್ತಿರಲಿಲ್ಲ ನಿಜ, ಅದರದ್ದು ನೂರಾರು ಕಿ.ಮೀ. ಸೀಮೆಯ ಲೆಕ್ಕ. ಆದರೆ ಆ ದತ್ತಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಹಾಗಿರುವುದರಿಂದಲೇ ಈ ಸಂಗತಿಯನ್ನು ಯಾವ ಸರ್ಕಾರವೂ ಕಡತದಲ್ಲಿ ಮುಚ್ಚಿಡಲಾಗಲಿಲ್ಲ.

ಈಗ ಉತ್ತರಾಖಂಡದ ಜೋಶಿಮಠ ನೆನಪಿಸಿಕೊಳ್ಳಿ. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟು ಜನ ಬೀದಿಗೆ ಬಂದಿದ್ದರು. ಹೈದರಾಬಾದಿನಲ್ಲಿರುವ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕಾರ್ಟೊಸ್ಯಾಟ್ ಉಪಗ್ರಹದ ಚಿತ್ರಗಳನ್ನು ಹೋಲಿಸಿ, 12 ದಿನಗಳಲ್ಲಿ ಪಟ್ಟಣದ ಒಂದು ಭಾಗ 5.4 ಸೆಂ.ಮೀ. ಕುಸಿದಿದೆ ಅಂತ ವರದಿ ಹಾಕಿತು. ಸುದ್ದಿ ಆಗುತ್ತಿದ್ದಂತೆ ವರದಿ ಜಾಲತಾಣದಿಂದ ಮಾಯ! ಸಂಸ್ಥೆಗಳು ಮಾಧ್ಯಮದೊಂದಿಗೆ ಮಾತಾಡಬಾರದು ಅಂತ ವಿಪತ್ತು ನಿರ್ವಹಣಾ ಪ್ರಾಧಿಕಾರದ ಪತ್ರ ಬೇರೆ. ತಲೆಗೊಂದು ಅರ್ಥ ಹೇಳಿದರೆ ಜನ ಗೊಂದಲಕ್ಕೆ ಬೀಳುತ್ತಾರಂತೆ. ಬೀಳಬಹುದು. ಹಾಗಾದರೆ ಬಿಡಿಸಿ ಹೇಳುವವರನ್ನು ಮುಂದೆ ಕೂರಿಸಬೇಕಿತ್ತು. ತನ್ನ ಮನೆ ಎಷ್ಟು ಕುಸಿದಿದೆ ಅಂತ ತಿಳಿಯುವ ಹಕ್ಕು ಆ ಮನೆಯವನಿಗಿಂತ ಮೊದಲು ಇನ್ಯಾರಿಗಿದೆ?

ಈ ಪ್ರಶ್ನೆ ನಮ್ಮ ಘಟ್ಟಕ್ಕೂ ಬಂತು. 2024ರ ಜುಲೈ 30ರಂದು ವಯನಾಡು ಕುಸಿಯಿತು. ಸರಿಯಾಗಿ ಒಂದು ವರ್ಷಕ್ಕೆ, 2025ರ ಜುಲೈ 30ರಂದು, ಶ್ರೀಹರಿಕೋಟಾದಿಂದ ನಿಸಾರ್ ಹಾರಿತು. ಕಾಕತಾಳೀಯ, ಆದರೂ ದಿನಾಂಕ ಕುಟುಕುತ್ತದೆ. ಇಸ್ರೊ ಮತ್ತು ನಾಸಾದ ಒಂದೊಂದು ರೇಡಾರ್ ಇರುವ ಈ ಉಪಗ್ರಹ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬಂದು, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದರೂ ಗುರುತಿಸಬಲ್ಲದು. ಮೋಡ, ಕತ್ತಲು ಅಡ್ಡಿಯಲ್ಲ. ನಾಸಾದ ರೇಡಾರಿನ ಅಲೆ 24 ಸೆಂ.ಮೀ. ಉದ್ದದ್ದು, ಹಾಗಾಗಿ ಮರಗಳ ಎಲೆಮರೆಯನ್ನೂ ಬಹುಪಾಲು ದಾಟುತ್ತದೆ. ಕೊಡಗಿನಂಥ ಕಾಡುಬೆಟ್ಟಕ್ಕೆ ಬೇಕಾಗಿರುವುದೇ ಇದು. ಒಂದೇ ರಾತ್ರಿಯ ಮಳೆಗೆ ಜಾರುವ ಗುಡ್ಡವನ್ನು ಅದು ಮುಂಚೆ ಹೇಳಲಾರದು. ತಿಂಗಳುಗಟ್ಟಲೆ ನಿಧಾನಕ್ಕೆ ಜರುಗುವ ಇಳಿಜಾರನ್ನು ತೋರಿಸಬಲ್ಲದು.

ನಿಸಾರ್ ದತ್ತಾಂಶವೂ ಮುಕ್ತವೇ. ಆದರೆ ಅದನ್ನು ಓದಲು ತರಬೇತಿ ಬೇಕು, ಪಂಚಾಯ್ತಿಯವರು ಕಂಪ್ಯೂಟರ್ ಮುಂದೆ ಕೂತು ಬಿಡಿಸುವ ಮಾತಲ್ಲ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಜಿಲ್ಲಾಧಿಕಾರಿ ಕಚೇರಿಗೆ ಇದನ್ನು ಬಲ್ಲ ಇಬ್ಬರನ್ನು ನೇಮಿಸಿ. ಮುಂಗಾರಿಗೆ ಮುಂಚೆ ಜರುಗುತ್ತಿರುವ ಇಳಿಜಾರುಗಳ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಅಂಟಿಸಿ. ರೆಸಾರ್ಟಿಗೆ ಲೈಸೆನ್ಸ್ ಕೊಡುವವರೂ ಅದನ್ನು ನೋಡಿಯೇ ಸಹಿ ಹಾಕಲಿ.